ಮಕ್ಕಳ ಮೂತ್ರಾಂಗಗಳ ಬೇನೆಯೂ ಕಿರುಗಾಯದ ಶಸ್ತ್ರಕ್ರಿಯೆಯೂ

ಮನೆಯಲ್ಲಿ ಅಡಿಗೆಯ ಕೋಣೆಯನ್ನು ಎಲ್ಲರೂ ಹೊಗಳುವರು. ಬಚ್ಚಲಿನ ಮೋರಿಯನ್ನು ಯಾರೂ ನೆನೆಯರು. ಆದರೆ ಮೋರಿ ಕಟ್ಟಿ ನೀರು ಒಳಕ್ಕೆ ತಿರುಗಿದ ದಿನ ಅದರ ಬೆಲೆಯು ಎಲ್ಲರಿಗೂ ತಿಳಿಯುವದು. ದೇಹದಲ್ಲಿ ಮೂತ್ರಾಂಗಗಳ ಸಂಗತಿಯೂ ಹೀಗೆಯೇ. ಇವುಗಳ ಹೆಸರೆತ್ತಲು ನಾವು ನಾಚುತ್ತೇವೆ. ಆ ನಾಚಿಕೆಯಿಂದಲೇ ಎಷ್ಟೋ ಕೂಸುಗಳ ಬೇನೆಯು ಕಾಲ ಮೀರಿದ ಮೇಲೆ ವೈದ್ಯರ ಕಣ್ಣಿಗೆ ಬೀಳುತ್ತದೆ. ಆದುದರಿಂದ ಈ ಪಾಠದಲ್ಲಿ ಮೊದಲು ಈ ಅಂಗಗಳ ರಚನೆಯನ್ನೂ, ಆ ಮೇಲೆ ಅವುಗಳಿಗೆ ಬರುವ ಬೇನೆಗಳನ್ನೂ, ಕಡೆಗೆ ಈಗಿನ ಶಸ್ತ್ರವೈದ್ಯರು ಸಣ್ಣ ರಂಧ್ರಗಳ ಮೂಲಕ ಅವನ್ನು ಸರಿಪಡಿಸುವ ಬಗೆಯನ್ನೂ ವಿಚಾರಿಸೋಣ.

ಬೆನ್ನಿನ ಇಬ್ಬದಿಯಲ್ಲಿ, ಕಡೆಯ ಪಕ್ಕೆಲುಬುಗಳ ಮರೆಯಲ್ಲಿ, ಎರಡು ಮೂತ್ರಪಿಂಡಗಳಿವೆ. ಬೆಳೆದವರಲ್ಲಿ ಇವು ದಿನಕ್ಕೆ ಸುಮಾರು 180 ಲೀಟರು ದ್ರವವನ್ನು ರಕ್ತದಿಂದ ಸೋಸಿ, ಬಹುಭಾಗವನ್ನು ರಕ್ತಕ್ಕೇ ಹಿಂದಿರುಗಿಸಿ, ಒಂದು ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಬಿಡುತ್ತವೆ. ಒಂದೊಂದು ಪಿಂಡದಿಂದ ಒಂದೊಂದು ತೆಳುವಾದ ಮೂತ್ರನಾಳವು ಇಳಿದು ಮೂತ್ರಕೋಶವನ್ನು ಸೇರುತ್ತದೆ. ಈ ನಾಳವು ಕೋಶದ ಗೋಡೆಯೊಳಗೆ ನೆಟ್ಟಗೆ ಹೊಗದೆ ಓರೆಯಾಗಿ ಹೋಗುವದರಿಂದ, ಕೋಶವು ತುಂಬಿದಾಗ ನಾಳದ ಬಾಯಿ ತಾನಾಗಿ ಒತ್ತಲ್ಪಟ್ಟು ಮುಚ್ಚಿಕೊಳ್ಳುವದು. ಮೂತ್ರವು ಮೇಲಕ್ಕೆ ಹಿಂದಿರುಗಲಾರದು.

ಈ ಏರ್ಪಾಡಿನಲ್ಲಿ ಹುಟ್ಟಿನಿಂದಲೇ ಕೊರತೆ ಉಂಟಾಗುವದುಂಟು. ಪಿಂಡವೂ ನಾಳವೂ ಕೂಡುವ ಸ್ಥಳವು ಇಕ್ಕಟ್ಟಾಗಿದ್ದರೆ ಮೂತ್ರವು ಮೇಲೆಯೇ ನಿಂತು ಪಿಂಡವು ಊದಿಕೊಳ್ಳುವದು. ಕೆಲವು ಮಕ್ಕಳಲ್ಲಿ ನಾಳದ ಓರೆಯು ಸಾಲದೆ ಮೂತ್ರವು ಕೋಶದಿಂದ ಪಿಂಡಕ್ಕೆ ಹಿಮ್ಮರಳುವದು. ಕೆಲವು ಗಂಡುಕೂಸುಗಳಲ್ಲಿ ಮೂತ್ರದ್ವಾರದ ದಾರಿಯಲ್ಲಿ ತೆಳ್ಳನೆಯ ಪೊರೆಯು ಬೆಳೆದು ಹೊರದಾರಿಗೇ ಅಡ್ಡವಾಗುವದು. ಇವಲ್ಲದೆ ಕಲ್ಲಿನ ಬೇನೆಯೂ ಉಂಟು. ಮೂತ್ರವು ಎಲ್ಲಿ ನಿಲ್ಲುವದೋ ಅಲ್ಲಿ ರೋಗಾಣುಗಳು ಬೆಳೆಯುವವು. ಅವು ಪಿಂಡವನ್ನು ಮುಟ್ಟಿ ಕಲೆ ಉಳಿಸಿದರೆ ಆ ಕಲೆಯನ್ನು ಅಳಿಸುವ ಔಷಧವಾಗಲಿ ಶಸ್ತ್ರವಾಗಲಿ ಇಲ್ಲ. ಇದನ್ನು ನಾವು ಚೆನ್ನಾಗಿ ನೆನಪಿನಲ್ಲಿಡತಕ್ಕದ್ದು.

ಈ ಬೇನೆಗಳಿಗೆ ಶಸ್ತ್ರಕ್ರಿಯೆ ಹೊಸದಲ್ಲ. ಅಶ್ಮರಿ, ಅಂದರೆ ಮೂತ್ರಕೋಶದ ಕಲ್ಲು, ಹೆಚ್ಚಾಗಿ ಮಕ್ಕಳಿಗೆ ಬರುವದೆಂದೂ, ಅದನ್ನು ಕೊಯ್ದು ತೆಗೆಯುವ ಬಗೆ ಇಂಥದೆಂದೂ ಸುಶ್ರುತನು ಬರೆದಿದ್ದಾನೆ. ಕುಶಲನಾದ ವೈದ್ಯನ ಕೈಯಲ್ಲಿಯೂ ಫಲವು ನಿಶ್ಚಯವಿಲ್ಲವಾದ್ದರಿಂದ ರಾಜನ ಅನುಮತಿಯನ್ನು ಪಡೆದು ಕಡೆಯ ಉಪಾಯವಾಗಿ ಮಾತ್ರ ಕೈಹಚ್ಚಬೇಕೆಂದು ಅವನ ಎಚ್ಚರಿಕೆ. ಮುಂದೆ ಅರಿವಳಿಕೆಯೂ ಶುಚಿತ್ವದ ಶಾಸ್ತ್ರವೂ ಬಂದ ಮೇಲೆ ಅಪಾಯವು ಬಹಳ ಕಡಿಮೆಯಾಯಿತು. ಆದರೂ ಒಳಗಿನ ಚಿಕ್ಕ ಅಂಗವನ್ನು ತಲುಪಲಿಕ್ಕೆ ಕೂಸಿನ ಪಕ್ಕೆಯನ್ನು ದೊಡ್ಡದಾಗಿ ಕೊಯ್ಯುವದು ತಪ್ಪಲಿಲ್ಲ.

ಕೊಯ್ಯದೆ ಒಳಗೆ ನೋಡುವದು ಹೇಗೆಂಬ ಪ್ರಶ್ನೆಗೆ ಉತ್ತರವು ಮೆಲ್ಲಮೆಲ್ಲನೆ ದೊರೆಯಿತು. ಜರ್ಮನಿಯ ಮ್ಯಾಕ್ಸ್ ನಿಟ್ಜೆಯು 1877ರಲ್ಲಿ ಬೆಳಕುಳ್ಳ ನಳಿಕೆಯಿಂದ ಮೂತ್ರಕೋಶದ ಒಳಭಾಗವನ್ನು ತೋರಿಸಿದನು. ಅಮೇರಿಕದ ಹ್ಯೂ ಹ್ಯಾಂಪ್ಟನ್ ಯಂಗನು 1912ರಲ್ಲಿ, ಮೇಲೆ ಹೇಳಿದ ಪೊರೆಯ ಬೇನೆಯಿಂದ ನಾಳಗಳು ಹಿಗ್ಗಿದ್ದ ಒಂದು ಕೂಸಿನಲ್ಲಿ ಇಂಥ ನಳಿಕೆಯನ್ನು ಮೂತ್ರನಾಳದೊಳಕ್ಕೇ ಹಾಯಿಸಿ ನೋಡಿದನು. ಮುಂದೆ ಇಂಗ್ಲಂಡದ ಹೆರಾಲ್ಡ್ ಹಾಪ್ಕಿನ್ಸನು ಗಾಜಿನ ಕಡ್ಡಿಗಳನ್ನು ಜೋಡಿಸಿದ ಹೊಸ ದುರ್ಬೀನನ್ನು ಯೋಜಿಸಿದ ಮೇಲೆ, ಬಹು ಸಣ್ಣ ನಳಿಕೆಯಲ್ಲಿಯೂ ನಿಚ್ಚಳವಾದ ನೋಟವು ಸಾಧ್ಯವಾಯಿತು. ಮಕ್ಕಳ ಪಾಲಿಗೆ ಇದು ದೊಡ್ಡ ಉಪಕಾರ. ಯಾಕಂದರೆ ದೊಡ್ಡವರ ಉಪಕರಣವು ಕೂಸಿನ ದಾರಿಯಲ್ಲಿ ಹಿಡಿಸದು.

ಈಗಿನ ರೀತಿಗಳು ಮುಖ್ಯವಾಗಿ ಮೂರು. ಮೊದಲನೆಯದರಲ್ಲಿ ಗಾಯವೇ ಇಲ್ಲ: ಮೂತ್ರದ ಸಹಜ ದಾರಿಯಿಂದಲೇ ಸಣ್ಣ ನಳಿಕೆಯನ್ನು ಒಳಗೆ ಬಿಟ್ಟು, ಅಡ್ಡವಾದ ಪೊರೆಯನ್ನು ಕಣ್ಣಾರೆ ಕಾಣುತ್ತ ಕಡಿಯುವರು. ಹಿಮ್ಮರಳುವ ಮೂತ್ರಕ್ಕೂ ನಾಳದ ಬಾಯಿಯ ಕೆಳಗೆ ಸೂಜಿಯಿಂದ ಒಂದು ದ್ರವ್ಯವನ್ನು ಸೇರಿಸಿ ಬಾಯನ್ನು ಬಿಗಿಗೊಳಿಸುವ ಉಪಾಯವು 1984ರಲ್ಲಿ ಪ್ರಕಟವಾಯಿತು.

ಎರಡನೆಯದು ಲ್ಯಾಪರೋಸ್ಕೋಪಿ. ಹೊಟ್ಟೆಯಲ್ಲಿ 3ರಿಂದ 5 ಮಿಲಿಮೀಟರಿನ ಮೂರು ನಾಲ್ಕು ರಂಧ್ರಗಳನ್ನು ಮಾಡಿ, ಇಂಗಾಲಾಮ್ಲ ವಾಯುವಿನಿಂದ ಒಳಗೆ ಜಾಗವನ್ನು ಬಿಡಿಸಿ, ಒಂದರಲ್ಲಿ ದುರ್ಬೀನನ್ನೂ ಉಳಿದವುಗಳಲ್ಲಿ ಚಿಮಟ ಕತ್ತರಿಗಳನ್ನೂ ಇಳಿಸುವರು. ವೈದ್ಯರು ಪರದೆಯ ಮೇಲೆ ದೊಡ್ಡದಾಗಿ ಕಾಣುವ ಚಿತ್ರವನ್ನು ನೋಡುತ್ತ ಇಕ್ಕಟ್ಟಾದ ಭಾಗವನ್ನು ಕತ್ತರಿಸಿ ತೆಗೆದು, ಒಳ್ಳೆಯ ತುದಿಗಳನ್ನು ಕೂದಲಿನಷ್ಟು ತೆಳುವಾದ ದಾರದಿಂದ ಹೊಲಿಯುವರು. ಹೊಲಿಗೆಯು ಕೂಡುವ ತನಕ ಒಳಗೆ ಮೆತ್ತನೆಯ ಸಣ್ಣ ಕೊಳವೆಯನ್ನಿಟ್ಟು, ಕೆಲವು ವಾರಗಳ ತರುವಾಯ ತೆಗೆಯುವರು. ಈ ಜೋಡಣೆಯ ಕ್ರಮವನ್ನು ಆಂಡರ್ಸನ್ ಮತ್ತು ಹೈನ್ಸ್ ಎಂಬವರು 1949ರಲ್ಲಿ ದೊಡ್ಡ ಗಾಯದ ಮೂಲಕ ತೋರಿಸಿದ್ದರು. 1995ರಲ್ಲಿ ಅದನ್ನೇ ಮಗುವಿನಲ್ಲಿ ರಂಧ್ರಗಳ ಮೂಲಕ ಮಾಡಿದ ವರದಿ ಬಂತು. ಕ್ರಿಯೆ ಅದೇ, ಬಾಗಿಲು ಮಾತ್ರ ಕಿರಿದಾಯಿತು. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಕ್ಕಳಿಗೆ ಇದರಿಂದ ಗುಣವಾಗುವದು.

ಮೂರನೆಯದು ಕಲ್ಲಿಗೆ ಸಂಬಂಧಿಸಿದ್ದು. ಬೆನ್ನಿನಲ್ಲಿ ಒಂದು ಸಣ್ಣ ದಾರಿಯನ್ನು ಮಾಡಿ ಕಲ್ಲನ್ನು ಒಡೆದು ತೆಗೆಯುವರು. ಇಲ್ಲವೆ ಹೊರಗಿನಿಂದಲೇ ಆಘಾತದ ಅಲೆಗಳನ್ನು ಹಾಯಿಸಿ ಪುಡಿಮಾಡುವರು.

ಆದರೂ ಗಾಯದ ಅಳತೆಯಿಂದಲೇ ಶಸ್ತ್ರಕ್ರಿಯೆಯ ಗುಣವನ್ನು ಅಳೆಯಬಾರದು. ಬಹಳ ಎಳೆಯ ಕೂಸುಗಳಲ್ಲಿ ಹಳೆಯ ರೀತಿಯೇ ಕೆಲವೊಮ್ಮೆ ಯುಕ್ತವಾಗುವದು. ಕೆಲವು ಊತಗಳೂ ಹಿಮ್ಮರಳಿಕೆಗಳೂ ಮಗು ಬೆಳೆದಂತೆ ತಾವಾಗಿ ಮಾಯುವವು; ಅಲ್ಲಿ ವೈದ್ಯರು ಪರೀಕ್ಷಿಸುತ್ತ ಕಾಯುವರು. ಕಿರುರಂಧ್ರದ ಕ್ರಿಯೆಗೂ ಪೂರ್ಣ ಅರಿವಳಿಕೆಯೂ ನುರಿತ ಕೈಯೂ ಬೇಕು.

ಹಿಂದೆ ನಮ್ಮ ಕಡೆಯ ಜನರು ದೊಡ್ಡ ಬೇನೆಗಳಿಗೆ ಮಿರಜಿಗೋ ಮುಂಬಯಿಗೋ ಕೂಸನ್ನು ಎತ್ತಿಕೊಂಡು ರೈಲು ಹತ್ತುತ್ತಿದ್ದರು. ಹುಬ್ಬಳ್ಳಿಯಲ್ಲಿ 1957ರಲ್ಲಿ ಸರಕಾರದ ವೈದ್ಯಕೀಯ ಮಹಾವಿದ್ಯಾಲಯವೂ, ಧಾರವಾಡದ ಸತ್ತೂರಿನಲ್ಲಿ 2003ರಲ್ಲಿ ಎಸ್.ಡಿ.ಎಂ. ವೈದ್ಯಕೀಯ ಮಹಾವಿದ್ಯಾಲಯವೂ ಸ್ಥಾಪಿತವಾದವು. ದೊಡ್ಡ ಆಸ್ಪತ್ರೆಯ ಬಾಗಿಲು ಈಗ ನಮ್ಮ ಅವಳಿನಗರದಲ್ಲಿಯೇ ಇದೆ. ಬಡಕುಟುಂಬಗಳ ಚಿಕಿತ್ಸೆಯ ವೆಚ್ಚಕ್ಕಾಗಿ 2018ರಲ್ಲಿ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕವೆಂಬ ಯೋಜನೆಯೂ ಆರಂಭವಾಯಿತು. ಹೀಗಿರಲು, ಆಸ್ಪತ್ರೆ ದೂರವೆಂಬ ಮಾತಿಗಿಂತ ಹೇಳಿಕೊಳ್ಳದ ನಾಚಿಕೆಯೇ ಈಗ ದೊಡ್ಡ ಅಡ್ಡಿ.

ಆದುದರಿಂದ ನಮ್ಮ ವಿದ್ಯಾರ್ಥಿನಿಯರು ಇಷ್ಟನ್ನು ಅರಿತಿರಲಿ. ಕೆಮ್ಮು ನೆಗಡಿಗಳಿಲ್ಲದೆ ಮೇಲಿಂದ ಮೇಲೆ ಜ್ವರ ಬರುವದು, ಉರಿಮೂತ್ರ, ಮೂತ್ರದಲ್ಲಿ ರಕ್ತ, ಪಕ್ಕೆಯ ನೋವು, ನಿಂತಿದ್ದ ಹಾಸಿಗೆ ಒದ್ದೆಮಾಡುವ ರೂಢಿ ಮರಳಿ ಬರುವದು, ಇವು ಬೇನೆಯ ಗುರುತುಗಳು. ತಮ್ಮನು ಧಾರೆಯಾಗಿ ಮೂತ್ರ ಮಾಡದೆ ತೊಟ್ಟುತೊಟ್ಟಾಗಿ ಮಾಡುವದನ್ನು ಎಷ್ಟೋ ಸಲ ಮೊದಲು ಕಾಣುವವಳು ಅವನನ್ನು ಎರೆದು ಆಡಿಸುವ ಅಕ್ಕನೇ. ಹೆಣ್ಣುಮಕ್ಕಳ ಮೂತ್ರದ್ವಾರದ ದಾರಿಯು ಗಿಡ್ಡವಾದ್ದರಿಂದ ಅವರಿಗೆ ಸೋಂಕು ಬೇಗನೆ ತಗಲುವದು. ಶಾಲೆಯಲ್ಲಿ ಹೊರಗೆ ಹೋಗಲು ನಾಚಿ ಬೆಳಗಿನಿಂದ ಸಂಜೆಯ ತನಕ ನೀರು ಕುಡಿಯದಿರುವದೂ, ಮೂತ್ರವನ್ನು ತಡೆದಿರುವದೂ ಆ ಸೋಂಕಿಗೆ ಎಡೆಮಾಡಿಕೊಡುವವು. ಹುಡುಗಿಯು ಹೊರಗೆ ಹೋಗಲು ಕೇಳಿದಾಗ ಶಿಕ್ಷಕಿಯರು ತಡೆಯದಿರಲಿ, ಶೌಚಗೃಹವು ನಿರ್ಮಲವಾಗಿರಲಿ. ಬೇನೆಯನ್ನು ತಾಯಿಗೆ ಹೇಳುವದಕ್ಕೂ, ತಾಯಿಯು ವೈದ್ಯರಿಗೆ ಹೇಳುವದಕ್ಕೂ ಸಂಕೋಚ ಬೇಡ. ಮೂರು ಮಿಲಿಮೀಟರಿನ ಉಪಕರಣವು ಪಿಂಡವನ್ನು ಉಳಿಸಬಲ್ಲದು, ಆದರೆ ಪಿಂಡದಲ್ಲಿ ಇನ್ನೂ ಜೀವವಿರುವಾಗ ಕೂಸನ್ನು ಅಲ್ಲಿಗೆ ಮುಟ್ಟಿಸುವ ಕೆಲಸವು ಮನೆಯವರದು.