ರೋಧ ಕುಸಿದರಷ್ಟೇ ಸಾಲದು

2023ರ ಜುಲೈನಲ್ಲಿ ದಕ್ಷಿಣ ಕೊರಿಯಾದ ಕೆಲವು ವಿಜ್ಞಾನಿಗಳು ಎಲ್‌ಕೆ-99 ಎಂಬ ವಸ್ತುವನ್ನು ಪ್ರಕಟಿಸಿದರು. ಸೀಸ, ತಾಮ್ರ, ರಂಜಕ, ಆಮ್ಲಜನಕ ಸೇರಿದ ಈ ವಸ್ತು ಕೋಣೆಯ ಉಷ್ಣತೆಯಲ್ಲೇ ಅತಿವಾಹಕ, ಅಂದರೆ ವಿದ್ಯುತ್ತಿಗೆ ಕಿಂಚಿತ್ತೂ ರೋಧ ಒಡ್ಡದು ಎಂಬುದು ಅವರ ವಾದ. ದೆಹಲಿಯ ಪೂಸಾ ಪ್ರದೇಶದಲ್ಲಿರುವ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ವಿ.ಪಿ.ಎಸ್. ಅವಾನಾ ಅವರ ತಂಡ ಬೇಗನೆ ಆ ವಸ್ತುವನ್ನು ತಯಾರಿಸಿ ಪರೀಕ್ಷಿಸಿತು. ಅತಿವಾಹಕತೆ ಕಾಣಲಿಲ್ಲ. ಕೊರಿಯಾದ ಮಾದರಿಯಲ್ಲಿ ರೋಧ ಥಟ್ಟನೆ ಕುಸಿದದ್ದೇನೋ ನಿಜ. ಆದರೆ ಅದಕ್ಕೆ ಕಾರಣ ಬೆರಕೆಯಾಗಿ ಉಳಿದಿದ್ದ ತಾಮ್ರದ ಸಲ್ಫೈಡ್ ಎಂದು ಬೇರೆ ಪ್ರಯೋಗಾಲಯಗಳು ತೋರಿಸಿದವು. ಸುಮಾರು 104 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಆ ಸಲ್ಫೈಡಿನ ಹರಳಿನ ರಚನೆ ಬದಲಾಗುತ್ತದೆ, ಅದರೊಡನೆ ರೋಧವೂ ಬದಲಾಗುತ್ತದೆ.

ಇಂಥ ವಸ್ತುಗಳನ್ನು ತಯಾರಿಸಿ ಅಳೆಯುವ ಕ್ಷೇತ್ರಕ್ಕೆ ಹೊಸದಾಗಿ ಬರುವವರು ಮೊದಲು ಕಲಿಯಬೇಕಾದ ಪಾಠ ಇದರಲ್ಲಿದೆ. ವಿದ್ಯುತ್ತಿನ ಸಾಕ್ಷಿಯೊಂದನ್ನೇ ನಂಬಬೇಡಿ, ಕಾಂತತ್ವದ ಸಾಕ್ಷಿಯನ್ನೂ ಕೇಳಿ.

ಈ ಪಾಠಕ್ಕೆ ಉದಾಹರಣೆಯಾಗಿ ನಾವು ನೋಡಲಿರುವ ಆಕ್ಸೈಡ್‌ಗಳದು ಎರಡು ಕುಟುಂಬ. ಒಂದರಲ್ಲಿ ತಾಮ್ರ, ಇನ್ನೊಂದರಲ್ಲಿ ಮ್ಯಾಂಗನೀಸ್. ಶುದ್ಧ ರೂಪದಲ್ಲಿ ಲ್ಯಾಂಥನಮ್ ತಾಮ್ರದ ಆಕ್ಸೈಡ್ ಆಗಲಿ, ಲ್ಯಾಂಥನಮ್ ಮ್ಯಾಂಗನೀಸ್ ಆಕ್ಸೈಡ್ ಆಗಲಿ ವಿದ್ಯುತ್ತನ್ನು ಸರಿಯಾಗಿ ಹರಿಯಗೊಡುವುದಿಲ್ಲ. ಸಂಜೆಯ ಹೊತ್ತು ದೆಹಲಿಯ ರಾಜೀವ್ ಚೌಕದಲ್ಲಿ ತುಂಬಿ ತುಳುಕುವ ಮೆಟ್ರೊ ಬೋಗಿಯನ್ನು ನೆನೆಯಿರಿ. ಜನ ಬೇಕಾದಷ್ಟಿದ್ದಾರೆ, ಆದರೆ ಯಾರೂ ಮಿಸುಕಾಡಲಾರರು. ನಾಲ್ಕಾರು ಮಂದಿ ಇಳಿದರೆ ಮಿಕ್ಕವರಿಗೆ ಸರಿದಾಡಲು ಎಡೆ ಸಿಗುತ್ತದೆ. ಲ್ಯಾಂಥನಮ್ ಪರಮಾಣುಗಳಲ್ಲಿ ಕೆಲವನ್ನು ತೆಗೆದು ಬೇರಿಯಮ್, ಸ್ಟ್ರಾನ್ಷಿಯಮ್ ಅಥವಾ ಕ್ಯಾಲ್ಸಿಯಮ್ ಇಟ್ಟಾಗ ಆಗುವುದೂ ಇದೇ: ಕೆಲವು ಎಲೆಕ್ಟ್ರಾನುಗಳು ಕಡಿಮೆಯಾಗಿ ಉಳಿದವು ಚಲಿಸತೊಡಗುತ್ತವೆ.

1986ರಲ್ಲಿ ವಿಜ್ಞಾನಿಗಳಾದ ಬೆಡ್ನೋರ್ಟ್ಸ್ ಮತ್ತು ಮುಲ್ಲರ್ ತಾಮ್ರದ ಕುಟುಂಬದಲ್ಲಿ ಬೇರಿಯಮ್ ಬೆರೆಸಿ, 30 ಕೆಲ್ವಿನ್‌ಗೂ ಮೇಲೆ ಅತಿವಾಹಕತೆಯ ಸುಳಿವು ಕಂಡರು. ಮರುವರ್ಷ ಇಟ್ರಿಯಮ್, ಬೇರಿಯಮ್, ತಾಮ್ರದ ಆಕ್ಸೈಡ್ ಈ ಮಿತಿಯನ್ನು 90 ಕೆಲ್ವಿನ್‌ನ ಆಚೆಗೆ ಒಯ್ದಿತು. ದ್ರವ ಸಾರಜನಕ ಕುದಿಯುವುದು 77 ಕೆಲ್ವಿನ್‌ನಲ್ಲಿ. ಹೀಗಾಗಿ ದುಬಾರಿ ದ್ರವ ಹೀಲಿಯಮ್ ಇಲ್ಲದ ಪ್ರಯೋಗಾಲಯಗಳಿಗೂ ಈ ವಿದ್ಯೆ ಎಟುಕಿತು. ಆ ಇಟ್ರಿಯಮ್ ಮಿಶ್ರಣದಲ್ಲಿ ಅತಿವಾಹಕವಾಗುವ ಘಟಕ ಯಾವುದೆಂದು ಗುರುತಿಸಿ 1987ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ಬರೆದವರಲ್ಲಿ ಬೆಂಗಳೂರಿನ ಸಿ.ಎನ್.ಆರ್. ರಾವ್ ಮತ್ತು ಸಂಗಡಿಗರೂ ಇದ್ದರು. ಮುಂದೆ ರಾವ್ ಮ್ಯಾಂಗನೀಸ್ ಆಕ್ಸೈಡ್‌ಗಳ ಬಗ್ಗೆಯೂ ವಿಸ್ತಾರವಾಗಿ ಕೆಲಸ ಮಾಡಿದರು.

ಇಟ್ರಿಯಮ್, ಬೇರಿಯಮ್, ತಾಮ್ರದ ಆಕ್ಸೈಡ್‌ನಲ್ಲಿ ಆಮ್ಲಜನಕದ ಲೆಕ್ಕ ಬಹಳ ಮುಖ್ಯ. ಸೂತ್ರದಲ್ಲಿ ಆಮ್ಲಜನಕ 7ರ ಹತ್ತಿರವಿದ್ದರೆ ಅದು ಅತಿವಾಹಕ, 6ಕ್ಕೆ ಇಳಿದರೆ ಅವಾಹಕ. ಆದ್ದರಿಂದಲೇ ಪುಡಿಯನ್ನು ಒತ್ತಿ ಬಿಲ್ಲೆ ಮಾಡಿ ಕುಲುಮೆಯಲ್ಲಿ ಸುಟ್ಟ ಮೇಲೆ, ಆಮ್ಲಜನಕ ಹಾಯಿಸುತ್ತ ನಿಧಾನವಾಗಿ ತಣಿಸಬೇಕು. ಇಲ್ಲಿ ಅವಸರಪಟ್ಟರೆ ಮುಂದಿನ ಅಳತೆಯೆಲ್ಲ ವ್ಯರ್ಥ.

ಇನ್ನು ಅಳತೆ. ಬಿಲ್ಲೆಯ ಮೇಲೆ ಸಿಲ್ವರ್ ಪೇಸ್ಟ್‌ನಿಂದ ಸಾಲಾಗಿ ನಾಲ್ಕು ತಂತಿ ಅಂಟಿಸುತ್ತೇವೆ. ಹೊರಗಿನ ಎರಡರಲ್ಲಿ ಕರೆಂಟು ಹರಿಯುತ್ತದೆ, ಒಳಗಿನ ಎರಡು ವೋಲ್ಟೇಜ್ ಓದುತ್ತವೆ. ತಂತಿ ಅಂಟಿದ ಜಾಗದ ರೋಧ ಲೆಕ್ಕದಲ್ಲಿ ಸೇರದಿರಲೆಂದೇ ಈ ಏರ್ಪಾಟು. ಕರೆಂಟಿನ ದಿಕ್ಕನ್ನು ತಿರುಗಿಸಿಯೂ ಓದಿ. ತಿರುಗದೆ ಉಳಿದ ವೋಲ್ಟೇಜ್ ವಸ್ತುವಿನ ರೋಧದ್ದಲ್ಲ. ಒಳಗಿನ ತಂತಿ ಕಳಚಿಕೊಂಡರೂ ಸೊನ್ನೆಯಂಥ ಓದು ಬರಬಹುದು ಎಂಬುದು ನೆನಪಿರಲಿ.

ಓದು ನಿಜವೇ ಆಗಿದ್ದರೂ ಅಷ್ಟಕ್ಕೇ ನಿಲ್ಲುವಂತಿಲ್ಲ. ಬಿಲ್ಲೆಯೊಳಗೆ ಎಳೆಯಷ್ಟು ತೆಳುವಾದ ಅತಿವಾಹಕ ದಾರಿಯೊಂದಿದ್ದರೆ ಸಾಕು, ರೋಧ ಸೊನ್ನೆಯಾಗುತ್ತದೆ. ಮಿಕ್ಕ ಭಾಗ ಬೇರೇನೋ ಆಗಿರಬಹುದು. ಅತಿವಾಹಕ ತನ್ನೊಳಗಿನ ಕಾಂತಕ್ಷೇತ್ರವನ್ನು ಹೊರದೂಡುತ್ತದೆ ಎಂದು 1933ರಲ್ಲಿ ಮೈಸ್ನರ್ ಮತ್ತು ಓಕ್ಸೆನ್‌ಫೆಲ್ಡ್ ಕಂಡುಕೊಂಡರು. ತಣ್ಣಗಾದ ಬಿಲ್ಲೆಗೆ ಸಣ್ಣ ಕಾಂತಕ್ಷೇತ್ರ ಒಡ್ಡಿದಾಗ ಅದು ಎಷ್ಟು ಬಲವಾಗಿ ಎದುರಿಸುತ್ತದೆ ಎಂಬುದರಿಂದ, ಅದರ ಎಷ್ಟು ಪಾಲು ಅತಿವಾಹಕವೆಂದು ಅಂದಾಜಿಸಬಹುದು.

ಮ್ಯಾಂಗನೀಸ್ ಕುಟುಂಬದಲ್ಲಿ ರೋಧ, ಕಾಂತತ್ವ ಎಂಬ ಎರಡು ಗುಣಗಳ ನಂಟು ಇನ್ನೂ ಬಿಗಿ. ಲ್ಯಾಂಥನಮ್‌ನ ಹತ್ತರಲ್ಲಿ ಮೂರು ಪಾಲು ತೆಗೆದು ಕ್ಯಾಲ್ಸಿಯಮ್ ಹಾಕಿದರೆ, ಸುಮಾರು 250 ಕೆಲ್ವಿನ್‌ನ ಕೆಳಗೆ ಮ್ಯಾಂಗನೀಸ್ ಅಯಾನುಗಳ ಕಾಂತೀಯ ದಿಕ್ಕುಗಳು ಒಂದೇ ಕಡೆಗೆ ತಿರುಗುತ್ತವೆ. ಅಕ್ಕಪಕ್ಕದ ಅಯಾನುಗಳ ದಿಕ್ಕು ಒಂದೇ ಆಗಿದ್ದರೆ ಆಮ್ಲಜನಕದ ಮೂಲಕ ಎಲೆಕ್ಟ್ರಾನ್ ಸುಲಭವಾಗಿ ದಾಟುತ್ತದೆ. 1951ರಲ್ಲಿ ವಿಜ್ಞಾನಿ ಜೀನರ್ ಕೊಟ್ಟ ವಿವರಣೆ ಇದು. ಹಾಗಾಗಿ ತಣಿಸುತ್ತ ಹೋದಾಗ ಮೊದಲು ಏರಿದ ರೋಧ, ಕಾಂತತ್ವ ಮೂಡುವ ಹೊತ್ತಿಗೆ ತುದಿ ಮುಟ್ಟಿ ಇಳಿಯುತ್ತದೆ. ಆ ತುದಿಯ ಆಸುಪಾಸಿನಲ್ಲಿ ಕೆಲವು ಟೆಸ್ಲಾ ಕಾಂತಕ್ಷೇತ್ರ ಒಡ್ಡಿದರೆ ದಿಕ್ಕುಗಳು ಇನ್ನಷ್ಟು ಒಂದಾಗಿ ರೋಧ ಬಹಳವಾಗಿ ತಗ್ಗುತ್ತದೆ. ಇದೇ ಕಾಂತರೋಧ.

ಕಾಂತತ್ವ ಮೂಡುವ ಉಷ್ಣತೆಗಿಂತ ಎಷ್ಟೋ ಕೆಳಗೆ ರೋಧದ ತುದಿ ಕಾಣಿಸಿಕೊಂಡರೆ ಗಾಬರಿಯಾಗಬೇಡಿ. ಬಿಲ್ಲೆಯ ಕಣಗಳ ನಡುವಿನ ಗಡಿಗಳು ಎಲೆಕ್ಟ್ರಾನುಗಳನ್ನು ತಡೆಯುತ್ತಿರಬಹುದು. ಗಡಿಯಲ್ಲಿ ಏನಾಗುತ್ತಿದೆ ಎಂಬುದು ರೋಧದಿಂದ, ಕಣದ ಒಳಗೆ ಏನಾಗುತ್ತಿದೆ ಎಂಬುದು ಕಾಂತತ್ವದಿಂದ ತಿಳಿಯುತ್ತದೆ. ಎರಡು ಅಳತೆಗಳು ಹೊಂದದೇ ಹೋದಾಗಲೂ ಅವು ನಿಮಗೆ ಹೊಸತೊಂದನ್ನು ಕಲಿಸುತ್ತಿರುತ್ತವೆ.

ಆದ್ದರಿಂದ ನಿಮ್ಮ ಮೊದಲ ಬಿಲ್ಲೆಯಿಂದಲೇ ಒಂದು ಅಭ್ಯಾಸ ಬೆಳೆಸಿಕೊಳ್ಳಿ. ಒಂದೇ ಬಿಲ್ಲೆಯನ್ನು ಎರಡು ತುಂಡು ಮಾಡಿ, ಒಂದರ ರೋಧವನ್ನೂ ಇನ್ನೊಂದರ ಕಾಂತತ್ವವನ್ನೂ ಅಳೆಯಿರಿ. ಎರಡು ಗ್ರಾಫ್‌ಗಳನ್ನೂ ಒಂದೇ ಉಷ್ಣತೆಯ ಅಕ್ಷದ ಮೇಲೆ ಬರೆಯಿರಿ. ಅವೆರಡನ್ನೂ ಒಟ್ಟಿಗೆ ಓದಿ ವಿವರಿಸಲು ಸಾಧ್ಯವಾಗುವವರೆಗೆ ವಸ್ತುವಿಗೆ ಯಾವ ಹೆಸರನ್ನೂ ಕೊಡಬೇಡಿ.