ಗೌರವವೆಂಬ ಭಾರ

'ಗೌರವ' ಎಂಬುದು ನಿತ್ಯದ ಬಳಕೆಯ ಮಾತು. ಅದು 'ಗುರು' ಶಬ್ದದಿಂದ ಬಂದುದು. ಗುರು ಎಂದರೆ ಭಾರವುಳ್ಳದ್ದು ಎಂಬ ಅರ್ಥವೂ ಉಂಟು. ಆಶ್ಚರ್ಯವೆಂದರೆ, ಯೆಹೂದ್ಯರ ಪ್ರಾಚೀನ ಹೀಬ್ರೂ ಭಾಷೆಯಲ್ಲಿಯೂ ಗೌರವವನ್ನು ಸೂಚಿಸುವ 'ಕಾವೋದ್' ಎಂಬ ಪದವು ಭಾರವೆಂಬ ಅರ್ಥದ ಧಾತುವಿನಿಂದಲೇ ಹುಟ್ಟಿದೆ. ಅವರ ಹತ್ತು ಆಜ್ಞೆಗಳಲ್ಲಿ ತಂದೆತಾಯಿಗಳನ್ನು ಗೌರವಿಸಬೇಕೆಂದು ವಿಧಿಸುವಲ್ಲಿ ಬಂದಿರುವುದೂ ಆ ಧಾತುವೇ. ಹೆತ್ತವರನ್ನು ಹಗುರವಾಗಿ ಕಾಣಬಾರದೆಂಬುದು ಅದರ ತಾತ್ಪರ್ಯ.

ಇದು ಬಾಯಿಮಾತಿನ ವಿನಯವಲ್ಲ. ಉಣ್ಣಿಸುವುದು, ಉಡಿಸುವುದು, ಕೈಹಿಡಿದು ಒಳಗೆ ಹೊರಗೆ ಕರೆದೊಯ್ಯುವುದು, ಇವೇ ಗೌರವವೆಂದು ಯೆಹೂದ್ಯ ಪಂಡಿತರು 'ತಾಲ್ಮುದ್' ಗ್ರಂಥದಲ್ಲಿ ಎಣಿಸಿದ್ದಾರೆ. ತಾರ್ಫೋನ್ ಎಂಬ ಪಂಡಿತನು ತನ್ನ ತಾಯಿ ಮಂಚವನ್ನೇರುವಾಗಲೂ ಇಳಿಯುವಾಗಲೂ ಬಾಗಿ, ಬೆನ್ನನ್ನೇ ಮೆಟ್ಟಿಲಾಗಿಸುತ್ತಿದ್ದನಂತೆ. ಅದನ್ನು ಆತನು ವಿದ್ವಾಂಸರೆದುರು ಹೇಳಿಕೊಂಡಾಗ, ಸಲ್ಲಬೇಕಾದ ಗೌರವದಲ್ಲಿ ಅರ್ಧವೂ ಇನ್ನೂ ಸಂದಿಲ್ಲವೆಂದರು. ಆಕೆ ಕಣ್ಣೆದುರಿಗೇ ಹಣದ ಚೀಲವನ್ನು ಕಡಲಿಗೆಸೆದರೂ ಆಕೆಯ ಮನ ನೋಯಿಸದೆ ಇದ್ದುದುಂಟೇ ಎಂದು ಕೇಳಿದರು. ಬುದ್ಧಿ ಮಂಕಾದ ಹಿರಿಯರೊಡನೆ ಬಾಳಿದವರಿಗೆ ಈ ಪ್ರಶ್ನೆಯ ತೀಕ್ಷ್ಣತೆ ತಿಳಿಯದಿರದು.

ಹತ್ತು ಆಜ್ಞೆಗಳಲ್ಲಿ ತಂದೆಯ ಹೆಸರು ಮೊದಲು. ಯಾಜಕಕಾಂಡದಲ್ಲಿ ತಾಯಿಯದು ಮೊದಲು. ಇಬ್ಬರೂ ಸಮಾನರೆಂದು ತಿಳಿಸಲು ಹೀಗೆ ಎಂಬುದು ಪಂಡಿತರ ವ್ಯಾಖ್ಯಾನ. ಕನ್ನಡದಲ್ಲಿ ತಾಯಿಯ ಪರವಾಗಿ ಇಂತಹುದೇ ವಾದವನ್ನು ಹೂಡಿದವಳು ಯಳಂದೂರಿನ ಸಂಚಿಯ ಹೊನ್ನಮ್ಮ. ಚಿಕ್ಕದೇವರಾಜ ಒಡೆಯರ (1673–1704) ಅರಮನೆಯಲ್ಲಿ ಎಲೆಯಡಕೆಯ ಸಂಚಿ ಹಿಡಿಯುವ ಊಳಿಗದವಳಾಗಿದ್ದ ಆಕೆ, ಹೆತ್ತು ಸಾಕಿದವಳೇ ಹೆಣ್ಣಾಗಿರುವಾಗ ಹೆಣ್ಣನ್ನು ಹಳಿಯುವುದೇಕೆಂದು 'ಹದಿಬದೆಯ ಧರ್ಮ'ದಲ್ಲಿ ಪ್ರಶ್ನಿಸಿದಳು. ಪತಿವ್ರತಾಧರ್ಮವನ್ನು ಬೋಧಿಸಲು ಹೊರಟ ಕಾವ್ಯದಲ್ಲಿ ಈ ಪ್ರಶ್ನೆ ಬಂದಿರುವುದು ಸಾಮಾನ್ಯವಲ್ಲ.

ಹೊನ್ನಮ್ಮನ ಯಳಂದೂರಿಗೆ ದೂರವಲ್ಲದ ಹನೂರು ಸೀಮೆಯ ಹಳ್ಳಿಗಳಿಂದ ಇಂದು ಅನೇಕರು ದುಡಿಮೆಗಾಗಿ ಬೆಂಗಳೂರಿಗೂ ತಮಿಳುನಾಡಿಗೂ ಹೋಗುತ್ತಾರೆ. ಮನೆಯಲ್ಲಿ ಉಳಿಯುವವರು ವೃದ್ಧರು. ಹೋದವರೆಲ್ಲ ಮರೆತವರೆನ್ನುವುದು ಅನ್ಯಾಯ. ತಿಂಗಳು ತಿಂಗಳೂ ಹಣ ಕಳುಹಿಸುವವರಿದ್ದಾರೆ. ಆದರೆ ಹಣದಿಂದಾಗದ ಕೆಲಸಗಳೇ ಮುಪ್ಪಿನಲ್ಲಿ ಹೆಚ್ಚು. ರಾತ್ರಿ ಎದ್ದು ನೀರು ಕೊಡಬೇಕು, ಆಸ್ಪತ್ರೆಗೆ ಜೊತೆಯಲ್ಲಿ ಹೋಗಬೇಕು.

ಹಣವನ್ನೂ ಕಳುಹಿಸದ ಮಕ್ಕಳಿಗಾಗಿ 2007ರ ಕಾಯಿದೆಯೊಂದಿದೆ. ತಮ್ಮನ್ನು ತಾವು ಪೋಷಿಸಿಕೊಳ್ಳಲಾರದ ತಂದೆತಾಯಿಗಳು ಕೊಳ್ಳೇಗಾಲದ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಸಲ್ಲಿಸಿ ಮಕ್ಕಳಿಂದ ಜೀವನಾಂಶವನ್ನು ಕೇಳಬಹುದು. ಈ ಹೊಣೆ ಗಂಡುಮಕ್ಕಳದಷ್ಟೇ ಅಲ್ಲ, ಹೆಣ್ಣುಮಕ್ಕಳದೂ ಹೌದು. ಆದರೂ ಹೆತ್ತ ಮಗನ ಹೆಸರನ್ನು ಅರ್ಜಿಯಲ್ಲಿ ಬರೆಯಿಸಲು ಎಷ್ಟೋ ತಾಯಂದಿರ ಮನಸ್ಸು ಒಪ್ಪದು. ಊರಿನವರು ಆತನ ಸಮಾಚಾರ ಕೇಳಿದರೆ, ಚೆನ್ನಾಗಿದ್ದಾನೆ ಎಂದೇ ಹೇಳುತ್ತಾರೆ.