ಕುದಿಸಿದರೂ ಹೋಗದ ಫ್ಲೋರೈಡು

ನಿಮ್ಮ ಪಾವಗಡ ಸೀಮೆಯ ಗ್ರಾಮದಲ್ಲಿ ಮಕ್ಕಳ ಹಲ್ಲುಗಳ ಮೇಲೆ ಕಂದು ಕಲೆಗಳು ಮೂಡಿರುವುದಕ್ಕೆ, ನಿತ್ಯವೂ ಬ್ಲೀಚಿಂಗ್ ಪುಡಿ ಬೆರೆಸುವ ನೀರಗಂಟಿಯನ್ನು ದೂಷಿಸುವುದು ಅನ್ಯಾಯ. ಆ ಪುಡಿಯ ಕ್ಲೋರಿನ್ ರೋಗಾಣುಗಳನ್ನು ನಾಶಗೊಳಿಸುವುದೇ ಹೊರತು, ಇಂಥ ಕಲೆಗಳನ್ನುಂಟುಮಾಡುವ, ಶಿಲಾಸ್ತರಗಳಿಂದ ಕೊಳವೆಬಾವಿಯ ನೀರಿಗೆ ಕರಗಿಬರುವ ಫ್ಲೋರೈಡನ್ನು ಮುಟ್ಟಲಾರದು. ಕುದಿಸಿದರಂತೂ ನೀರು ಆವಿಯಾಗಿ, ಉಳಿದುದರಲ್ಲಿ ಫ್ಲೋರೈಡಿನ ಸಾಂದ್ರತೆ ಕಿಂಚಿತ್ ಹೆಚ್ಚುವುದು. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡು ಸ್ವೀಕಾರಾರ್ಹ. ಅನ್ಯ ಜಲಮೂಲವಿಲ್ಲದಾಗ ಮಾತ್ರ 1.5ರವರೆಗೆ ಸಹ್ಯ. ಪಂಚಾಯಿತಿಯ ಮೂಲಕ ನೀರಿನ ಮಾದರಿಯನ್ನು ಜಿಲ್ಲಾ ಪ್ರಯೋಗಾಲಯಕ್ಕೆ ಕಳುಹಿಸಿ, ಲಿಖಿತ ವರದಿಯನ್ನೇ ಕೇಳಿ ಪಡೆಯಿರಿ. ಮಿತಿ ಮೀರಿದ್ದಲ್ಲಿ, ಒಸಡಿನೊಳಗೆ ಶಾಶ್ವತ ದಂತಗಳು ಇನ್ನೂ ರೂಪುಗೊಳ್ಳುತ್ತಿರುವ ಎಂಟು ವರ್ಷದೊಳಗಿನ ಮಕ್ಕಳಿಗಾದರೂ, ಕುಡಿಯಲೂ ಅಡುಗೆಗೂ ಶುದ್ಧ ನೀರಿನ ಘಟಕದ ನೀರನ್ನೇ ತಡವಿಲ್ಲದೆ ಒದಗಿಸಿರಿ. ಕ್ಲೋರಿನನ್ನು ಮಾತ್ರ ನಿಲ್ಲಿಸಲಾಗದು. ಊರ ಕಟ್ಟಕಡೆಯ ನಲ್ಲಿಯಲ್ಲಿಯೂ ಅದು ಲೀಟರಿಗೆ 0.2 ಮಿಲಿಗ್ರಾಮಿನಷ್ಟಾದರೂ ಉಳಿದಿರಬೇಕು.